ಹೂಳಲು ಕೇಳಿದ ಬೆರಳು

ನಾನು ಮಕ್ಕಳ ಆರೋಗ್ಯ ತಪಾಸಣೆ ಮಾಡುವ ತಂಡದಲ್ಲಿ ನರ್ಸ್. ನಾವು ನಾಲ್ಕು ಜನ ಒಂದು ಗಾಡಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗಿ ಅಂಗನವಾಡಿ ಮತ್ತು ಶಾಲೆಯ ಮಕ್ಕಳನ್ನು ನೆತ್ತಿಯಿಂದ ಪಾದದವರೆಗೆ ನೋಡುತ್ತೇವೆ. ತೊಂದರೆ ಕಂಡರೆ ಬರೆದುಕೊಂಡು ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ. ನನ್ನ ಊರು ಆಳಂದ. ಆಗ ಕೆಲಸ ಅಫಜಲಪುರ ತಾಲ್ಲೂಕಿನಲ್ಲಿತ್ತು. ಚೌಡಾಪುರದಿಂದ ಒಳಗೆ ಹೋಗುವ ಒಂದು ಹಳ್ಳಿಯಲ್ಲಿ ಆ ಹುಡುಗಿ ಇದ್ದಳು.

ಅವಳನ್ನು ನಾನು ಎರಡು ಸಲ ನೋಡಿಯೂ ನೋಡಿರಲಿಲ್ಲ. ಗಾಡಿ ಬಂದೊಡನೆ ಮಕ್ಕಳು ಸಾಲಾಗಿ ನಿಂತು ಕೈ ಮುಗಿಯಬೇಕೆಂದು ಅಂಗನವಾಡಿಯ ಅಕ್ಕ ಕಲಿಸಿದ್ದಳು. ಮುಗಿದ ಕೈಯಲ್ಲಿ ಎಡ ಹೆಬ್ಬೆರಳು ಬಲಗಡೆಯದನ್ನು ಮುಚ್ಚುತ್ತದೆ. ನಾನು ಕಣ್ಣು ನೋಡಿ, ಹಲ್ಲು ನೋಡಿ, ತೂಕ ಹಿಡಿದು ಮುಂದೆ ಹೋಗಿದ್ದೆ. ಮೂರನೆಯ ಸಲ ಅವಳ ಕೈಯಲ್ಲಿ ಹಾಲಿನ ಲೋಟ ಇತ್ತು. ಅದನ್ನು ಅವಳು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದಿದ್ದಳು. ಆಗ ಅವಳಿಗೆ ಮೂರೂವರೆ ವರ್ಷ.

ಬಲಗೈಯಲ್ಲಿ ಹೆಬ್ಬೆರಳು ಇರಬೇಕಾದ ಕಡೆ ಉಬ್ಬು ಕೂಡ ಇರಲಿಲ್ಲ. ತೋರುಬೆರಳಿನ ಬುಡದ ಪಕ್ಕದಲ್ಲಿ ಚರ್ಮದ ಒಂದು ಎಳೆಯಿಂದ ಪುಟ್ಟ ಬೆರಳೊಂದು ಜೋತಾಡುತ್ತಿತ್ತು. ಹಸಿ ತೊಗರಿಕಾಯಿಗಿಂತ ಚಿಕ್ಕದು. ಊದಿದರೆ ಅಲುಗುತ್ತಿತ್ತು. ಅದಕ್ಕೊಂದು ಉಗುರು ಇತ್ತು, ಮತ್ತು ಆ ಉಗುರನ್ನು ಯಾರೋ ಒಪ್ಪವಾಗಿ ಕತ್ತರಿಸಿದ್ದರು. ಕೇಳಿದರೆ, "ಅವರ ಆಯಿ ರೀ. ವಾರಕ್ಕೊಮ್ಮಿ ತಾನೇ ಕುಂತು ತಗೀತಾಳ. ಬ್ಯಾರೇದೋರ ಕೈಯಾಗ ಕೊಡಂಗಿಲ್ಲ" ಎಂದಳು ಅಂಗನವಾಡಿಯ ಅಕ್ಕ. ಆಯಿ ಅಂದರೆ ತಂದೆಯ ತಾಯಿ.

ನಾನು ನಾಲ್ಕು ಪುಠಾಣಿ, ಅಂದರೆ ಹುರಿಗಡಲೆ, ಚಾಚಿದೆ. ಹುಡುಗಿ ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ, ಕತ್ತರಿಯಲ್ಲಿ ಹಿಡಿದಂತೆ, ಒಂದೊಂದೇ ಎತ್ತಿ ಬಾಯಿಗೆ ಹಾಕಿಕೊಂಡಳು. ಒಂದೂ ಕೆಳಗೆ ಬೀಳಲಿಲ್ಲ.

ಕಲಬುರಗಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಕೈಗಳ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ತಿಂಗಳಿಗೊಮ್ಮೆ ಬರುತ್ತಿದ್ದರು. ತಾಯಿ ಮತ್ತು ಮಗುವನ್ನು ನಾನೇ ಕರೆದುಕೊಂಡು ಹೋದೆ. ತಾಯಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ನೆಲೋಗಿಯ ಕಡೆಯವಳು, ಮಾತು ಕಡಿಮೆ. ಡಾಕ್ಟರು ಮಗುವಿನ ಕೈಯನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಪೆನ್ನಿನಿಂದ ಅದರ ಮೇಲೆ ಗೆರೆ ಎಳೆದು ತೋರಿಸಿದರು. ಜೋತಾಡುವ ಬೆರಳಿಗೆ ಎಲುಬಿನ ಕೀಲು ಇಲ್ಲ, ಎಳೆಯುವ ನರ ಇಲ್ಲ, ಅದನ್ನು ಯಾರೂ ಕೆಲಸಕ್ಕೆ ಹಚ್ಚಲಾರರು. ಅದನ್ನು ತೆಗೆಯಬೇಕು. ತೋರುಬೆರಳನ್ನು ಅದರ ರಕ್ತನಾಳಗಳ ಸಮೇತ ಬಿಡಿಸಿ, ಗಿಡ್ಡ ಮಾಡಿ, ತಿರುಗಿಸಿ ಹೆಬ್ಬೆರಳಿನ ಜಾಗದಲ್ಲಿ ಕೂಡಿಸಬೇಕು.

"ಎಣಿಸಿದರೆ ನಾಲ್ಕೇ ಬೆರಳು ಇರುತ್ತೆ. ಆದರೆ ಹಿಡಿಯೋ ಕೈ ಆಗುತ್ತೆ" ಎಂದರು. ಎಲುಬು ಕೂಡುವವರೆಗೆ ಒಳಗೆ ಒಂದು ತಂತಿ ಇರುತ್ತದೆ, ಮೇಲೆ ಪ್ಲಾಸ್ಟರ್ ಇರುತ್ತದೆ. ಐದು ವಾರಕ್ಕೆ ಎರಡನ್ನೂ ತೆಗೆದು, ಅಂದಿನಿಂದಲೇ ಬೆರಳನ್ನು ದಿನಾ ಆಡಿಸಬೇಕು. "ಆಪರೇಷನ್ ನಂದು ಒಂದು ದಿನದ ಕೆಲಸ ಅಮ್ಮ. ಆಮೇಲಿನ ಆರು ತಿಂಗಳು ನಿಮ್ಮದು. ಆ ಐದು ವಾರದ ತಾರೀಖು ಮಾತ್ರ ತಪ್ಪಬಾರದು."

ತಾಯಿ ನನ್ನ ಕಡೆ ನೋಡಿ, "ಮನ್ಯಾಗ ಕೇಳ್ಬೇಕ್ರಿ" ಎಂದಳು.

ಮನೆಯಲ್ಲಿ ಎಂದರೆ ಆಯಿಯನ್ನು. ಹುಡುಗಿಯ ತಂದೆ ಗೌಂಡಿ ಕೆಲಸದವನು, ಸೋಲಾಪುರದ ಕಡೆ ದುಡಿದು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಸಹಿ ಅವನದು ಬೇಕಿತ್ತು. ಆದರೆ ಅವನು ಮೊದಲ ದಿನವೇ, "ಅವ್ವ ಹೂಂ ಅಂದ್ರ ನಂದೂ ಹೂಂ ರೀ" ಎಂದು ಹೇಳಿ ಮುಗಿಸಿದ್ದ.

ನಾನು ಆಯಿಯ ಕಟ್ಟೆಗೆ ನಾಲ್ಕು ಸಲ ಹೋದೆ. ಅದು ತೊಗರಿ ರಾಶಿಯಾದ ಕಾಲ. ಅವಳು ಮೊರ ಮುಂದಿಟ್ಟುಕೊಂಡು ಕಾಳು ಹಸನು ಮಾಡುತ್ತ, ತಲೆ ಎತ್ತದೆ ಮಾತಾಡುತ್ತಿದ್ದಳು.

"ಐದು ಅದಾವ, ನಾಕ ಮಾಡ್ತೀವಿ ಅಂತೀರಿ. ಬಂಡಿದು ಒಂದು ಗಾಲಿ ಬಿಚ್ಚಿ ಬಂಡಿ ದುರಸ್ತಿ ಆತು ಅಂದಂಗಾತಲ್ರಿ, ಬಾಯೋರ."

"ಅದು ಗಾಲಿ ಅಲ್ರಿ ಆಯಿ, ಬರೇ ಜೋತು ಬಿದ್ದದ."

"ಜೋತು ಬಿದ್ದಿದ್ದೆಲ್ಲಾ ಕೊಯ್ಯೂದಾದ್ರ ನನ್ನ ಕಿವೀನೂ ಕೊಯ್ದು ಒಯ್ರಿ" ಎಂದಳು. ಬಾಗಿಲಲ್ಲಿ ನಿಂತಿದ್ದ ಸೊಸೆ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ಆಯಿಯ ಕಿವಿಯ ಹಾಲೆಗಳು ಹಳೆಯ ಓಲೆಗಳ ಭಾರಕ್ಕೆ ನಿಜಕ್ಕೂ ಜೋತುಬಿದ್ದಿದ್ದವು. ನಾನೂ ನಕ್ಕೆ. ಅವಳು ನನ್ನನ್ನು ಇಷ್ಟಪಡುತ್ತಿದ್ದಾಳೆ ಎಂದು ಆ ದಿನ ನನಗೆ ಅನಿಸಿತು.

ನಾಲ್ಕನೆಯ ಸಲ ಅವಳು ಮೊರ ಪಕ್ಕಕ್ಕಿಟ್ಟು ನೇರವಾಗಿ ಕೇಳಿದಳು. "ತಗದ ಬೆರಳು ಏನ ಮಾಡ್ತಾರ್ರಿ?"

ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅವಳು ಎದ್ದು ನನ್ನನ್ನು ಬಚ್ಚಲ ಹಿಂದಕ್ಕೆ ಕರೆದುಕೊಂಡು ಹೋಗಿ ಒಂದು ಚಪ್ಪಟೆ ಕಲ್ಲು ತೋರಿಸಿದಳು. ಮೊಮ್ಮಗಳು ಹುಟ್ಟಿದಾಗ ಮಾಸನ್ನು ಅಲ್ಲಿ ಹೂಳಿದ್ದರು. ಹೆರಿಗೆ ದವಾಖಾನೆಯಲ್ಲೇ ಆಗಿತ್ತು. ಅಲ್ಲಿಯ ಕೆಲಸದಾಕೆ ಮಾಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟಿದ್ದಳಂತೆ.

"ಅದೂ ಇದರ ಬಾಜೂಕ ಮಣ್ಣಾಗ್ಬೇಕ್ರಿ. ನಮ್ಮ ಕೂಸಿನ ಮೈಯಾಂದು. ಕಸದಾಗ ಒಗದ್ರ ನಾಯಿ ಬಾಯಿಗಿ ಹೋಗ್ತದ. ಅದನ್ನ ನನ್ನ ಕೈಯಾಗ ಕೊಡ್ತೀನಿ ಅಂದ್ರ ನಾಳೇನ ಕರ್ಕೊಂಡು ಹೋಗ್ರಿ."

ಆಪರೇಷನ್ ಕೋಣೆಯಲ್ಲಿ ತೆಗೆದದ್ದು ಹಳದಿ ಚೀಲಕ್ಕೆ ಹೋಗುತ್ತದೆ. ಚೀಲದ ಬಾಯಿ ಕಟ್ಟಿ ತೂಕ ಮಾಡಿ ಸುಡಲು ಕಳಿಸುತ್ತಾರೆ. ಈ ನಿಯಮವನ್ನು ನಾನು ಹೊಸ ಹುಡುಗಿಯರಿಗೆ ಪಾಠ ಹೇಳಿದ್ದೇನೆ. ಗೊತ್ತಿದ್ದೂ ಹೇಳಿದೆ.

"ಕೊಡ್ತಾರ್ರಿ ಆಯಿ."

"ಖರೇ?"

"ಖರೇ. ನಾನೇ ತಂದು ಕೊಡ್ತೇನಿ."

ಡಾಕ್ಟರನ್ನು ಕೇಳಿಕೊಂಡರೆ ಆಗಬಹುದು, ಅಷ್ಟು ಚಿಕ್ಕದು, ಅದರಲ್ಲೇನು ಎಂದುಕೊಂಡಿದ್ದೆ. ಮಗುವಿನ ವಯಸ್ಸು ದಾಟುತ್ತಿತ್ತು. ಮತ್ತೆ ಐದನೆಯ ಸಲ ಆ ಕಟ್ಟೆಗೆ ಬರುವುದು ನನಗೆ ಬೇಡವಾಗಿತ್ತು ಎಂಬುದೂ ನಿಜ.

ಆಪರೇಷನ್ ಬೇಸಿಗೆಯಲ್ಲಿ ಆಯಿತು. ಆ ದಿನ ನಾನು ರಜೆ ಹಾಕಿ ಹೋಗಿದ್ದೆ. ಬೆಳಿಗ್ಗೆ ಡಾಕ್ಟರು ಒಳಗೆ ಹೋಗುವ ಮೊದಲು ಬಾಗಿಲ ಹತ್ತಿರ ಎರಡು ನಿಮಿಷ ನಿಂತಿದ್ದರು. ಕೇಳಬಹುದಿತ್ತು. ಅವರ ಜೊತೆ ಕಲಿಯುವ ಡಾಕ್ಟರುಗಳು ಇಬ್ಬರಿದ್ದರು. ಹೂಳಲು ಬೆರಳು ಬೇಕಂತೆ ಎಂದರೆ ಅವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ನಾನೂ ಹಳ್ಳಿಯವಳಾಗಿಬಿಡುತ್ತೇನೆ ಎಂದು ನನಗೆ ನಾಚಿಕೆಯಾಯಿತು. ಬಾಗಿಲು ಮುಚ್ಚಿತು.

ಮೂರು ಗಂಟೆಗೂ ಮೇಲೆ ಹಿಡಿಯಿತು. ಮಗುವನ್ನು ಹೊರಗೆ ತಂದಾಗ ಕೈ ಮೊಣಕೈಯ ಮೇಲಿನವರೆಗೂ ಬಿಳಿ ಪ್ಲಾಸ್ಟರಿನಲ್ಲಿತ್ತು. ತುದಿಯಲ್ಲಿ ಬೆರಳುಗಳ ನೆತ್ತಿ ಮಾತ್ರ ಕಾಣುತ್ತಿತ್ತು, ಕೆಂಪಗೆ, ಬೆಚ್ಚಗೆ. ಡಾಕ್ಟರು ಹೊಸ ಹೆಬ್ಬೆರಳಿನ ತುದಿಯನ್ನು ಒತ್ತಿ ಬಿಟ್ಟು ರಕ್ತ ಮರಳುವುದನ್ನು ತೋರಿಸಿದರು. ಬಹಳ ಚೆನ್ನಾಗಿ ಆಗಿದೆ ಎಂದರು. ಅದು ನಿಜವಾಗಿತ್ತು.

ಅನಂತರ ನಾನು ಒಳಗಿನ ಸಿಸ್ಟರನ್ನು ಮೆಲ್ಲಗೆ ಕೇಳಿದೆ. ಅವಳು ನನ್ನದೇ ವಯಸ್ಸಿನವಳು.

"ಚೀಲದ ಬಾಯಿ ಕಟ್ಟೇವಲ್ಲ. ಅದು ಹೋಯ್ತು" ಎಂದಳು. "ನಿಮಗ್ಯಾಕ್ರಿ ಅದು?"

"ಹಿಂಗ, ಕೇಳ್ದೆ" ಎಂದೆ.

ವಾರ್ಡಿನ ಗೋಡೆಯ ಬದಿಯಲ್ಲಿ ಗಾಯ ಕಟ್ಟುವ ಸಾಮಾನಿನ ಗಾಡಿ ನಿಂತಿತ್ತು. ನಾನು ಸ್ವಲ್ಪ ಹತ್ತಿ ತೆಗೆದುಕೊಂಡು ಶೇಂಗಾಕಾಯಿಯ ಗಾತ್ರಕ್ಕೆ ಹೊಸೆದೆ. ಗಾಯಕ್ಕೆ ಹಚ್ಚುವ ಕಂದು ಔಷಧದಲ್ಲಿ ಅದ್ದಿದೆ. ಬ್ಯಾಂಡೇಜ್ ಬಟ್ಟೆಯನ್ನು ಮೂರು ಸುತ್ತು ಸುತ್ತಿ ಪಟ್ಟಿ ಅಂಟಿಸಿ, ರಕ್ತ ಪರೀಕ್ಷೆಗೆ ಇಟ್ಟ ಚಿಕ್ಕ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿದೆ. ನನ್ನ ಕೈಗಳು ಇದನ್ನು ಬೇಗ ಬೇಗ, ಯಾರೋ ಹೇಳಿದ ಕೆಲಸದಂತೆ ಮಾಡಿದವು.

ತಂದೆ ಅಂದು ಮಧ್ಯಾಹ್ನವೇ ಊರಿಗೆ ಹೊರಟಿದ್ದ. ನಾನು ಡಬ್ಬಿಯನ್ನು ಅವನಿಗೆ ಕೊಟ್ಟು, "ಔಷಧ ಹಚ್ಚ್ಯಾರ, ಬಿಚ್ಚಬ್ಯಾಡ್ರಿ. ಹಂಗೇ ಮಣ್ಣಾಗ ಇಡ್ರಿ" ಎಂದೆ. ಸಿಮೆಂಟಿನಿಂದ ಸೀಳಿದ ಅಂಗೈಯಲ್ಲಿ ಅವನು ಅದನ್ನು ಎರಡು ಸಲ ತೂಗಿ ನೋಡಿದ.

"ಭಾಳ ಹಗುರ ಅದಲ್ರಿ."

"ಸಣ್ಣದಿತ್ತಲ್ರಿ."

ಅವನು ಅದನ್ನು ಅಂಗಿಯ ಕಿಸೆಯಲ್ಲಿಟ್ಟು ಗುಂಡಿ ಹಾಕಿಕೊಂಡ. ಬಸ್ಸಿಗೆ ಹೋಗುವಾಗ ಕಿಸೆಯ ಮೇಲೆ ಕೈ ಇಟ್ಟುಕೊಂಡೇ ನಡೆದ. ನಾನು ವಾರ್ಡಿನ ಕಿಟಕಿಯಿಂದ ನೋಡುತ್ತಿದ್ದೆ.

ಆಳಂದದ ನಮ್ಮ ಮನೆಯಲ್ಲಿ ಅಣ್ಣನ ಮಗನ ಮಾಸನ್ನು ಅವ್ವ ಮಡಕೆಯಲ್ಲಿ ಮುಚ್ಚಿ ಹಾಗೆಯೇ ಹೂಳಿದ್ದಳು. ಯಾರೂ ತೆರೆದು ನೋಡಿರಲಿಲ್ಲ. ಎಲ್ಲ ಮನೆಗಳಲ್ಲೂ ಹಾಗೆಯೇ ಎಂದು ತಿಳಿದಿದ್ದೆ. ಆಯಿಯ ಮನೆಯಲ್ಲಿ ಮಣ್ಣಿಗೆ ಹಾಕುವ ಮೊದಲು ತೊಳೆದು ಅರಿಷಿಣ ಹಚ್ಚುತ್ತಾರೆ. ಅದನ್ನು ನಾನು ಕೇಳಿ ತಿಳಿದುಕೊಂಡಿರಲಿಲ್ಲ.

ನಾಲ್ಕನೆಯ ದಿನ ಮಗುವನ್ನು ಮನೆಗೆ ಕಳಿಸಿದರು. ಐದು ವಾರದ ತಾರೀಖನ್ನು ನಾನು ದೊಡ್ಡ ಅಕ್ಷರದಲ್ಲಿ ಬರೆದು ತಾಯಿಯ ಕೈಗೆ ಕೊಟ್ಟೆ. ಆ ದಿನ ಅವರು ಬರಲಿಲ್ಲ. ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಮೂರು ದಿನ ಬಿಟ್ಟು ತಂಡದ ಗಾಡಿ ಆ ದಾರಿಯಲ್ಲಿ ಹೋಗುವಾಗ ಇಳಿದುಕೊಂಡೆ.

ಆಯಿ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದ ಮನೆಯ ಹೆಂಗಸೊಬ್ಬಳು ಅವಳ ಜೊತೆಗಿದ್ದಳು. ಆಯಿ ಎಂದಿನಂತೆ ಸೊಸೆಗೆ ನೀರು ತರಲು ಹೇಳಿದಳು. ಸೊಸೆ ಚೊಂಬು ತಂದಿಟ್ಟಳು. ಆಯಿ ಒಳಗೆ ಹೋಗಿ ಬಂದು ಚೊಂಬಿನ ಪಕ್ಕದಲ್ಲಿ ಡಬ್ಬಿಯನ್ನು ಇಟ್ಟಳು.

"ಇದು ನಿಮ್ದು. ತಗೊಂಡು ಹೋಗ್ರಿ."

ನಾನು ಚೊಂಬಿನ ಕಡೆ ಚಾಚಿದ್ದ ಕೈ ಹಿಂದೆ ತೆಗೆದುಕೊಂಡೆ.

"ಓಣಿಯಾನ ಐದು ಮಂದಿ ಮುತ್ತೈದೇರನ್ನ ಕರದಿದ್ದೆ. ಅರಿಷಿಣ ಹಚ್ಬೇಕಂತ ಎಲ್ಲಾರ ಮುಂದ ಬಿಚ್ಚಿದೆ."

"ಔಷಧದಾಗ ಕರಗಿರ್ಬೇಕ್ರಿ ಆಯಿ" ಎಂದೆ. ಇಂದಿಗೂ ನನಗೆ ಅರ್ಥವಾಗದಿರುವುದು ಮೊದಲನೆಯ ಸುಳ್ಳಲ್ಲ, ಇದು.

"ಉಗುರೂ ಕರಗ್ತದೇನ್ರಿ?"

ಪಕ್ಕದ ಮನೆಯವಳು, "ಬಾಯೋರ, ಹತ್ತಿ ಬೇಕಂದ್ರ ಹೇಳ್ಬೇಕಿತ್ರಿ, ನಮ್ಮ ಹೊಲ್ದಾಗ ಬೇಕಾದಷ್ಟು ಅದ. ಕಲಬುರಗಿಯಿಂದ ಯಾಕ ಕಳಸಾಕ ಹೋದ್ರಿ?" ಎಂದಳು. ಅವಳಿಗೆ ನಗು ಬಂತು. ಆಯಿ ನಗಲಿಲ್ಲ.

ಆಗ ನಾನು ಎಲ್ಲವನ್ನೂ ಹೇಳಿದೆ. ಹಳದಿ ಚೀಲ, ನಿಯಮ, ನಾನು ಕೇಳದೆ ಬಿಟ್ಟದ್ದು. ತಪ್ಪಾಯಿತು ಎಂದೆ. ಆಯಿ ಪೂರ್ತಿ ಕೇಳಿದಳು.

"ಈಗ ಖರೇ ಹೇಳಾಕತ್ತೀರಿ?"

"ಹೌದ್ರಿ."

"ಆವತ್ತೂ ಖರೇ ಅಂದಿದ್ರಿ. ಆವತ್ತೂ ನಿಮ್ಮ ಮಾರಿ ಹಿಂಗೇ ಇತ್ತು. ನಾ ಹೆಂಗ ಗುರ್ತ ಹಿಡೀಲಿ?"

ಕೈಯೊಳಗೆ ತಂತಿ ಇದೆ, ಇದೇ ವಾರ ತೆಗೆಸಬೇಕು, ಇಲ್ಲವಾದರೆ ಕೀವಾಗುತ್ತದೆ, ಬೆರಳು ಸೆಟೆದುಕೊಳ್ಳುತ್ತದೆ ಎಂದೆ. ಅವಳ ಕಾಲು ಹಿಡಿಯಲೂ ಬಾಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ತಂತಿ ಅದ ಅಂತ ಯಾರು ಹೇಳ್ಯಾರ? ನೀವೇ. ತಂತಿ ತಗೀತೀವಿ ಅಂತ ಮತ್ತ ಒಳಗ ಒಯ್ದು ಇನ್ನೊಂದು ಬೆರಳು ತಗದ್ರ ನಾ ಯಾರ್ನ ಕೇಳ್ಲಿ? ಒಂದಕ್ಕ ಹತ್ತಿ ಕೊಟ್ರಿ, ಅದಕ್ಕೇನ ಕೊಡ್ತೀರಿ?"

ಮಗು ಬಾಗಿಲ ಹೊಸ್ತಿಲ ಮೇಲೆ ಕುಳಿತು ಎಡಗೈಯಿಂದ ಮಣ್ಣು ಗೀರುತ್ತಿತ್ತು. ಪ್ಲಾಸ್ಟರು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅದರ ಅಂಚಿನಲ್ಲಿ ಯಾರೋ ಕಪ್ಪು ದಾರ ಕಟ್ಟಿದ್ದರು. ತಾಯಿ ನನ್ನನ್ನು ನೋಡುತ್ತಿದ್ದಳು. ಅತ್ತೆಯ ಮುಂದೆ ಅವಳು ಬಾಯಿ ತೆರೆಯುವವಳಲ್ಲ.

ನಾನು ಡಬ್ಬಿ ತೆಗೆದುಕೊಂಡು ಎದ್ದೆ. ನೀರು ಕುಡಿಯಲಿಲ್ಲ.

ಆಮೇಲೆ ನಮ್ಮ ತಂಡದ ಡಾಕ್ಟರಿಗೆ, ಮನೆಯವರು ಒಪ್ಪುತ್ತಿಲ್ಲ ಎಂದಷ್ಟೇ ಹೇಳಿದೆ. ಅವರು ಒಳ್ಳೆಯವರು, ತಾವೇ ಹೋದರು. ನಾನು ಗಾಡಿಯಲ್ಲಿ ಕುಳಿತಿದ್ದೆ. ಆಯಿ ಅವರಿಗೂ ನೀರು ಕೊಟ್ಟು "ನೋಡ್ತೀವ್ರಿ" ಎಂದಳಂತೆ. ನನ್ನ ಬಗ್ಗೆ ಒಂದು ಮಾತೂ ಎತ್ತಲಿಲ್ಲವಂತೆ. ಗಾಡಿ ಹತ್ತುತ್ತ ಡಾಕ್ಟರು, "ಏನಾಗಿದೆ ಇವರಿಗೆ? ಮೊದಲು ಒಪ್ಪಿದ್ದರಲ್ಲ" ಎಂದರು. ಗೊತ್ತಿಲ್ಲ ಸರ್ ಎಂದೆ.

ಮುಂದಿನದನ್ನು ತಾಯಿ ಆಮೇಲೆ ಹೇಳಿದಳು. ಏಳನೆಯ ವಾರವೋ ಎಂಟನೆಯ ವಾರವೋ ತಂದೆ ಊರಿಗೆ ಬಂದಾಗ ಪ್ಲಾಸ್ಟರು ನಾರುತ್ತಿತ್ತು. ಅವನು ಅದನ್ನು ನೀರಿನಲ್ಲಿ ನೆನೆಸಿ ಬಿಡಿಸಿದ. ಹೆಬ್ಬೆರಳಿನ ಬುಡದಲ್ಲಿ ತಂತಿಯ ಬಾಗಿದ ತುದಿ ಹೊರಗೆ ಕಂಡಿತು. ತಂತಿ ಇದ್ದದ್ದು ನಿಜ ಎಂದು ಅಂದು ಆಯಿಗೂ ಗೊತ್ತಾಯಿತು. ಅವಳು ಅರಿಷಿಣ ಮತ್ತು ಎಣ್ಣೆ ತಂದು ಹಚ್ಚಿದಳು. ದಿನಾ ಹಚ್ಚಿದಳು. ಆಸ್ಪತ್ರೆಗೆ ಮಾತ್ರ ಕಳಿಸಲಿಲ್ಲ. ತಾನು ಒಮ್ಮೆ ಕೊಟ್ಟ ಕೂಸನ್ನು ಎರಡನೆಯ ಸಲ ಕೊಡುವುದಿಲ್ಲ ಎಂದಳಂತೆ.

ನಾಗರ ಪಂಚಮಿಗೆ ತಾಯಿ ಮಗುವನ್ನು ಕರೆದುಕೊಂಡು ನೆಲೋಗಿಯ ಕಡೆಗೆ, ತವರಿಗೆ ಬಂದಳು. ಮರುದಿನ ತಮ್ಮನ ಫೋನಿನಿಂದ ನನಗೆ ಕರೆ ಮಾಡಿದಳು. ಜೇವರ್ಗಿಯ ಮೇಲೆ ಹಾಯ್ದು ಕಲಬುರಗಿಗೆ ಬಂದಳು. ನಾನು ಆಸ್ಪತ್ರೆಯ ಗೇಟಿನಲ್ಲಿ ಕಾಯುತ್ತಿದ್ದೆ. ಕೈ ಮಣಿಕಟ್ಟಿನವರೆಗೆ ಊದಿತ್ತು.

ಅದು ಕೈಯ ಡಾಕ್ಟರು ಬರುವ ದಿನ. ಅವರು ತಂತಿ ತೆಗೆದರು. ಕೀವು ತೊಳೆದರು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹೆಬ್ಬೆರಳನ್ನು ತಮ್ಮ ಎರಡು ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಮಣಿಸಲು ನೋಡಿದರು. ಮಗು ಅತ್ತಿತು. ಬೆರಳು ಮಣಿಯಲಿಲ್ಲ.

"ರಕ್ತ ಇದೆ. ಮುಟ್ಟಿದರೆ ಗೊತ್ತಾಗುತ್ತೆ. ಆದರೆ ಕೀಲು ಹೋಗಿದೆ. ಇನ್ನು ಇದು ಮಣಿಯಲ್ಲ" ಎಂದರು. ಕೋಪವಿರಲಿಲ್ಲ, ದಣಿದಂತೆ ಇದ್ದರು. "ಯಾಕಮ್ಮ ಇಷ್ಟು ತಡ ಮಾಡಿದ್ರಿ? ತಾರೀಖು ಬರೆದುಕೊಟ್ಟಿದ್ವಲ್ಲ."

ತಾಯಿ ನನ್ನ ಕಡೆ ನೋಡಿದಳು. ನಾನು ಮಗುವಿನ ಮೊಣಕೈ ಹಿಡಿದುಕೊಂಡಿದ್ದೆ.

"ಬಸ್ಸಿಂದು ತ್ರಾಸ ಆತ್ರಿ, ಸಾಹೇಬ್ರ" ಎಂದಳು.

ಡಾಕ್ಟರು ತಲೆಯಾಡಿಸಿ ಚೀಟಿಯ ಮೇಲೆ ಬರೆದರು. ಪಾಲಕರು ಹೇಳಿದ ಸಮಯಕ್ಕೆ ಮಗುವನ್ನು ತರಲಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದರು. ನನಗೆ ಓದಲು ಬರುತ್ತದೆ, ಅವಳಿಗೆ ಬರುವುದಿಲ್ಲ. ನಾನು ಆ ಚೀಟಿಯನ್ನು ಮಡಚಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅವಳಿಗೆ ಕೊಟ್ಟೆ.

ಹೊರಗೆ ಬಂದ ಮೇಲೆ ಕೇಳಿದೆ, "ಹಂಗ್ಯಾಕ ಹೇಳ್ದಿ ತಂಗಿ?"

"ಇಷ್ಟು ದೊಡ್ಡ ದವಾಖಾನ್ಯಾಗ ನನಗ ಗುರ್ತಿನೋರು ನೀವೊಬ್ಬರೇ ಅಲ್ರಿ. ನಿಮ್ಮನ್ನ ಕಳಕೊಂಡ್ರ ನಾಳೆ ಯಾರಿಗಿ ಫೋನ್ ಮಾಡ್ಲಿ?" ಎಂದಳು. ಕ್ಷಮಿಸಿದಂತೆ ಹೇಳಲಿಲ್ಲ. ಲೆಕ್ಕ ಹಾಕಿ ಹೇಳಿದಂತೆ ಹೇಳಿದಳು.

ಹೇಳದೆ ಕೇಳದೆ ಆಸ್ಪತ್ರೆಗೆ ಹೋದದ್ದಕ್ಕೆ ಆಯಿ ಅವಳನ್ನು ಮರಳಿ ಕರೆಯಲಿಲ್ಲ. ಅವಳೂ ಹೋಗಲಿಲ್ಲ. ಗಂಡ ಆಗಾಗ ನೆಲೋಗಿಗೆ ಬಂದು ಎರಡು ದಿನ ಇದ್ದು ಹೋಗುತ್ತಾನೆ.

ಕಳೆದ ವರ್ಷ ನನ್ನನ್ನು ಜೇವರ್ಗಿ ತಾಲ್ಲೂಕಿಗೆ ವರ್ಗ ಮಾಡಿದರು. ಹುಡುಗಿಯ ಶಾಲೆ ನನ್ನ ಪಟ್ಟಿಯಲ್ಲಿ ಬಂತು. ಅವಳೀಗ ಎರಡನೆಯ ತರಗತಿ. ನಾನು ಹೋದಾಗ ಮಕ್ಕಳು ಊಟಕ್ಕೆ ಕುಳಿತಿದ್ದರು. ಅವಳು ಬಲಗೈಯ ಮೂರು ಬೆರಳುಗಳಿಂದ ಅನ್ನವನ್ನು ಅಂಗೈಗೆ ಒತ್ತಿಕೊಂಡು ಬಾಯಿಗೆ ಒಯ್ಯುತ್ತಿದ್ದಳು. ಅರ್ಧ ಮರಳಿ ಬಟ್ಟಲಿಗೆ ಬೀಳುತ್ತಿತ್ತು. ಹೆಬ್ಬೆರಳು ಆ ಕೆಲಸದ ಹೊರಗೆ ನೆಟ್ಟಗೆ ನಿಂತಿತ್ತು. ಹುಡುಗರು ಅವಳನ್ನು ಗೂಟದಕಿ ಎಂದು ಕರೆಯುತ್ತಾರೆ.

"ಜಾಣಿ ಅದಾಳ್ರಿ. ಎಡಗೈಲೆ ಬರೀತಾಳ, ಅಕ್ಷರ ದುಂಡಗ" ಎಂದರು ಶಾಲೆಯ ಟೀಚರು, ಅಕ್ಕೋರು.

ಅವಳ ಸರದಿ ಬಂದಾಗ ನನ್ನ ಮುಂದೆ ಕುಳಿತಳು. ನನ್ನ ಗುರುತು ಅವಳಿಗಿರಲಿಲ್ಲ. ತೂಕ ಸರಿ ಇತ್ತು, ಕಣ್ಣು ಸರಿ ಇತ್ತು. ಕೈ ಮುಂದೆ ಮಾಡು ಎಂದೆ. ಎಡಗೈ ಕೊಟ್ಟಳು. ಇನ್ನೊಂದು ಎಂದೆ. ನಮ್ಮ ಹಾಳೆಯಲ್ಲಿ ಹುಟ್ಟಿನ ದೋಷಗಳ ಮುಂದೆ ಎರಡು ಮನೆಗಳಿವೆ: ಚಿಕಿತ್ಸೆ ಬೇಕು, ಚಿಕಿತ್ಸೆ ಆಗಿದೆ. ಎರಡನೆಯದಕ್ಕೆ ಗುರುತು ಹಾಕಿದೆ. ಬೇರೆ ಮನೆ ಇಲ್ಲ.

"ಇದು ಮೊದಲ ಇಲ್ಲಿ ಇತ್ತಂತ್ರಿ" ಎಂದಳು ಅವಳು, ಎಡಗೈಯಿಂದ ಆ ಹೆಬ್ಬೆರಳು ಮುಟ್ಟಿ, ನಡುಬೆರಳಿನ ಪಕ್ಕದ ಖಾಲಿ ಜಾಗ ತೋರಿಸುತ್ತ. "ಇದರಿಂದ ನಾ ಪುಠಾಣಿ ಹಿಡೀತಿದ್ನಂತ. ನಮ್ಮವ್ವ ಹೇಳ್ತಾಳ. ತಿರುಗಿ ಇಲ್ಲೇ ಇಡಾಕ ಬರ್ತದೇನ್ರಿ?"

"ಇಲ್ಲವ್ವ. ಬರಂಗಿಲ್ಲ."

"ಯಾಕ್ರಿ?"

ನಾನು ಹೇಳಲು ನೋಡಿದೆ. ಎಲುಬು ಗಿಡ್ಡ ಮಾಡಿರುತ್ತಾರೆ ಎಂದೆ. ಅವಳು ಕೇಳುತ್ತಲೇ ಇದ್ದಳು, ಎರಡೂ ಕೈ ನನ್ನ ಮೇಜಿನ ಮೇಲಿಟ್ಟುಕೊಂಡು, ನಾನು ಇನ್ನೂ ಏನೋ ಹೇಳುವುದಿದೆ ಎಂಬಂತೆ.